ನೇಂದ್ರ ಬಾಳೆಯ ಕಾಂಡ ಕೊರೆಯುವ ಹುಳ: ನಮ್ಮ ತೋಟದಲ್ಲಿ ಮಾಡಿದ್ದು

ಗೊನೆ ತುಂಬಿ, ಓಣಂ ಹೊತ್ತಿಗೆ ಕಡಿಯುವ ಅಂತ ಇರುವಾಗಲೇ ಬಾಳೆ ನಡುವಿನಲ್ಲಿ ಮುರಿದು ಬೀಳುತ್ತದೆ. ಗಾಳಿಗೆ ಬಿತ್ತು ಅನ್ನುತ್ತೇವೆ. ಕಾಂಡ ಸೀಳಿ ನೋಡಿದರೆ ಒಳಗೆಲ್ಲ ಹುಳ ಕೊರೆದ ದಾರಿ. ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮ ಅಡಿಕೆ ತೋಟದ ಎಡೆಯಲ್ಲಿ ನಾನು ಹಾಕುವುದು ನೇಂದ್ರ. ಈ ಹುಳದ ಕಾಟ ನೇಂದ್ರಕ್ಕೇ ಜಾಸ್ತಿ.

ತಿರುಚಿರಾಪಳ್ಳಿಯಲ್ಲಿ 1993ರಲ್ಲಿ ಶುರುವಾದ ರಾಷ್ಟ್ರೀಯ ಬಾಳೆ ಸಂಶೋಧನಾ ಕೇಂದ್ರವಿದೆ. ತೃಶ್ಶೂರಿನ ಕಣ್ಣಾರದಲ್ಲಿ ಕೇರಳ ಕೃಷಿ ವಿಶ್ವವಿದ್ಯಾಲಯದ ಕೇಂದ್ರವೂ ಇದೆ. ಈ ಹುಳ ಒಂದು ದುಂಬಿಯ ಮರಿ. ಅಲ್ಲಿನ ವಿಜ್ಞಾನಿಗಳು ಆ ದುಂಬಿಯ ಸ್ವಭಾವವನ್ನು ಚೆನ್ನಾಗಿ ತಿಳಿದುಕೊಂಡಿದ್ದಾರೆ. ನನಗೆ ದಾರಿ ತೋರಿಸಿದ್ದು ಅದೇ. ಕಡಿದ ಬಾಳೆ ಕಾಂಡದ ವಾಸನೆ ಹಿಡಿದು ದುಂಬಿ ಬರುತ್ತದೆ. ಕಾಂಡದ ಹಾಳೆಯೊಳಗೆ ಮೊಟ್ಟೆ ಇಡುತ್ತದೆ. ನೆಟ್ಟು ಸುಮಾರು ಐದು ತಿಂಗಳಿಗೆ ಉಪದ್ರ ಶುರು. ಕಾಂಡದ ತೂತಿನಿಂದ ಅಂಟು ರಸ ಒಸರಿದರೆ ಹುಳ ಒಳಗಿದೆ ಅಂತಲೇ ಲೆಕ್ಕ.

ಹಾಗಾಗಿ ಐದನೇ ತಿಂಗಳಿನಿಂದ ಒಣಗಿದ ಎಲೆ, ಕೊಳೆತ ಹಾಳೆ ತೆಗೆಯುತ್ತಾ ಇರುತ್ತೇನೆ. ಗೊನೆ ಕಡಿದ ಮೇಲೆ ಕಾಂಡವನ್ನು ಸುಮ್ನೆ ನಿಲ್ಲಿಸಿದರೆ ಅದೇ ಹುಳದ ಮನೆ. ಬುಡದವರೆಗೆ ಕಡಿದು, ಚೂರು ಮಾಡಿ, ಬಿಸಿಲಿಗೆ ಹರಡುತ್ತೇನೆ.

ಒಳ್ಳೆಯ ಕಾಂಡ ಸಿಕ್ಕಿದರೆ ಸ್ವಲ್ಪ ಇಟ್ಟುಕೊಳ್ಳುತ್ತೇನೆ, ಬಲೆಗೆ ಬೇಕು. ಒಂದು ಅಡಿ ಉದ್ದದ ತುಂಡನ್ನು ಉದ್ದಕ್ಕೆ ಸೀಳಿ, ಸೀಳಿದ ಕಡೆಗೆ ಬ್ಯುವೇರಿಯಾ ಶಿಲೀಂಧ್ರವನ್ನು ಕಲಸಿ ಹಚ್ಚಿ, ಬಾಳೆ ಬುಡದ ಹತ್ತಿರ ಕವುಚಿ ಇಡುವುದು. ಎಕರೆಗೆ 40 ಸಾಕು. ವಾಸನೆಗೆ ಬಂದ ದುಂಬಿಯ ಮೈಗೆ ಶಿಲೀಂಧ್ರ ಅಂಟಿ ಅದು ಸಾಯುತ್ತದೆ. ಸತ್ತ ದುಂಬಿಯ ಮೇಲೆ ಬಿಳಿ ಬೂಷ್ಟು ಬಂದದ್ದು ಕಂಡರೆ ನನಗೆ ನಿಜಕ್ಕೂ ಸಮಾಧಾನ. ತುಂಡು ಒಣಗಿದರೆ ಬದಲಿಸಬೇಕು.

ಅಡಿಕೆ ತೋಟದವರು ಒಂದು ವಿಷಯ ಗಮನಿಸಬೇಕು. ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡುತ್ತೇವೆ ಅಲ್ವಾ? ಆ ಮದ್ದು, ಅಂದರೆ ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣ, ಶಿಲೀಂಧ್ರವನ್ನು ಕೊಲ್ಲುವಂಥದ್ದು. ಬ್ಯುವೇರಿಯಾ ಕೂಡ ಶಿಲೀಂಧ್ರವೇ. ಆ ಸಮಯದಲ್ಲಿ ನಾನು ಬಲೆ ಇಡುವುದಿಲ್ಲ.

ನೆಡಲು ಬಾಳೆಯ ಕಂದು (ಬುಡದ ಮರಿ) ಆರಿಸುವಾಗಲೂ ಜಾಗ್ರತೆ ಬೇಕು. ಕತ್ತಿಯಂತೆ ಎಲೆ ಸಪೂರ ಇರುವ ಕಂದನ್ನೇ ತೆಗೆದು, ಗಡ್ಡೆ ಕೆತ್ತಿ, ಸೆಗಣಿ ಮತ್ತು ಬೂದಿಯ ನೀರಿನಲ್ಲಿ ಅದ್ದಿ, ಮೂರು ನಾಲ್ಕು ದಿನ ಬಿಸಿಲಲ್ಲಿಟ್ಟು ನೆಡುತ್ತೇನೆ.

ದುಂಬಿ ಹಾರಿ ಬರುತ್ತದೆ, ಬೇಲಿ ನೋಡುವುದಿಲ್ಲ. ಅದಕ್ಕೇ ಪಕ್ಕದ ತೋಟದವರ ಹತ್ತಿರವೂ ಗೊನೆ ಕಡಿದ ಕಾಂಡ ನಿಲ್ಲಿಸಬೇಡಿ ಅಂತ ಕೇಳಿಕೊಂಡಿದ್ದೇನೆ. ಅವರೂ ಕಡಿದು ಹಾಕುತ್ತಿದ್ದಾರೆ.