ಸರಿ ಉತ್ತರದ ಚಟ ಬಿಡಿಸಿದ್ದು: ಪದವಿ ಸಂಶೋಧನಾ ಕೋರ್ಸಿನಲ್ಲಿ ನನ್ನ ಅನುಭವ

ಸಂಶೋಧನಾ ಕೋರ್ಸಿಗೆ ಬಂದ ವಿದ್ಯಾರ್ಥಿಗೆ ಪಿಪೆಟ್ ಹಿಡಿಯುವುದನ್ನು ಕಲಿಸುವುದು ದೊಡ್ಡ ಕೆಲಸವಲ್ಲ. ಪ್ಲೇಟ್ (ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆ) ಹುಡುಕಿದ್ದು ಸಿಗದೆ ಖಾಲಿ ಬಂದಾಗ ಅವನು ಏನು ಮಾಡುತ್ತಾನೆ ಅನ್ನುವುದರ ಮೇಲೆ ಇಡೀ ಕೋರ್ಸಿನ ಹಣೆಬರಹ ನಿಂತಿದೆ. "ಅಂಕಕ್ಕೆ ಬಂದವರಿಗೆ ಸಂಶೋಧನೆ ಹತ್ತುವುದಿಲ್ಲ" ಎಂದು ಸಹೋದ್ಯೋಗಿಗಳು ಮೊದಲೇ ಷರಾ ಬರೆದಿದ್ದರು. ಅಂಕಕ್ಕೆ ಬಂದವರು ಅಂಕ ಇರುವ ಕಡೆ ಹೋಗುತ್ತಾರೆ. ಹಾಗಾದರೆ ಅಂಕವನ್ನೇ ಎತ್ತಿ ಬೇರೆ ಕಡೆ ಇಟ್ಟರಾಯಿತು ಅನ್ನುವುದು ನನ್ನ ಲೆಕ್ಕ. ಈಗ ಷರಾ ಬರೆದವರೇ ಮಾರ್ಕಿಂಗ್ ಶೀಟ್ ಕೇಳಿಕೊಂಡು ಬರುತ್ತಿದ್ದಾರೆ.

ಕೋರ್ಸಿನ ಮುಖ್ಯ ಕೆಲಸ ಮಣ್ಣಿನಿಂದ ಬ್ಯಾಕ್ಟೀರಿಯೊಫೇಜ್, ಅಂದರೆ ಬ್ಯಾಕ್ಟೀರಿಯಾಕ್ಕೆ ಸೋಂಕು ತಗುಲಿಸುವ ವೈರಸ್, ಹಿಡಿಯುವುದು; ಚಿಕ್ಕದಾಗಿ ಫೇಜ್. 2008ರಲ್ಲಿ ಅಮೆರಿಕದಲ್ಲಿ ಶುರುವಾದ, ಪದವಿ ವಿದ್ಯಾರ್ಥಿಗಳಿಂದ ಫೇಜ್ ಹುಡುಕಿಸುವ ಸೀ-ಫೇಜಸ್ (SEA-PHAGES) ಕಾರ್ಯಕ್ರಮದ ದಾರಿಯೇ ಇದು, ಹೊಸದೇನಲ್ಲ. ಆದರೆ ನಾನು ಮೊದಲ ಎರಡು ವಾರ ಫೇಜ್ ಸುದ್ದಿಯನ್ನೇ ಎತ್ತುವುದಿಲ್ಲ. ಲೋಲಕ ಕೊಡುತ್ತೇನೆ. 1 ಮೀಟರ್ ದಾರ, ಭಾರದ ಗುಂಡು, ಸ್ಟಾಪ್‌ವಾಚ್. 10 ಡಿಗ್ರಿಯಿಂದ ಬಿಟ್ಟಾಗ, 20 ಡಿಗ್ರಿಯಿಂದ ಬಿಟ್ಟಾಗ ಆಂದೋಲನಾವಧಿ (ಒಮ್ಮೆ ಹೋಗಿ ಬರುವ ಸಮಯ) ಒಂದೇನಾ ನೋಡಿ, ಅಷ್ಟೇ.

ಒಂದೇ ಎಂದು ಎಲ್ಲರೂ ಓದಿಕೊಂಡೇ ಬಂದಿರುತ್ತಾರೆ. ನಿಜವಾಗಿ ಶೇ 0.6ರ ಆಸುಪಾಸು ವ್ಯತ್ಯಾಸವಿದೆ. ಸುಮಾರು 2 ಸೆಕೆಂಡಿನ ಅವಧಿಯಲ್ಲಿ ಅದು 0.01 ಸೆಕೆಂಡಿಗಿಂತ ತುಸು ಹೆಚ್ಚು. ಒಂದೊಂದೇ ಆಂದೋಲನ ಅಳೆದರೆ ಕೈಯ ತಡವೇ ಅದನ್ನು ನುಂಗಿಹಾಕುತ್ತದೆ. 20 ಆಂದೋಲನ ಒಟ್ಟಿಗೆ ಅಳೆದರೆ 0.2 ಸೆಕೆಂಡಿನ ಹತ್ತಿರ ಬರುತ್ತದೆ. ಗಾಳಿಯ ತಡೆಗೆ ಕೋನ ಕುಗ್ಗುವುದರಿಂದ ಅದರಲ್ಲೂ ಸ್ವಲ್ಪ ಖೋತಾ. ಎಣಿಕೆಯನ್ನು ತುದಿಯಲ್ಲಿ ಶುರು ಮಾಡಬಾರದು, ಗುಂಡು ತಳ ದಾಟುವಾಗ ಮಾಡಬೇಕು; ತುದಿಯಲ್ಲಿ ಅದು ಯಾವಾಗ ನಿಂತಿತು ಎಂದೇ ತಿಳಿಯುವುದಿಲ್ಲ. ಹತ್ತು ಸಲ ಮಾಡಿ ಸರಾಸರಿ ತೆಗೆದರೆ ವ್ಯತ್ಯಾಸ ಎದ್ದು ಕಾಣುತ್ತದೆ.

ಧೋರಣೆ ಬಯಲಾಗುವುದು ಇಲ್ಲೇ. ನೆನಪಿನಿಂದ ಹೇಳುವುದಾದರೆ ಅರ್ಧಕ್ಕಿಂತ ಹೆಚ್ಚು ಗುಂಪುಗಳು ವ್ಯತ್ಯಾಸ ಕಂಡ ಮೇಲೂ "ಪ್ರಾಯೋಗಿಕ ದೋಷ" ಎಂದು ಬರೆದು ಕೈತೊಳೆದುಕೊಳ್ಳುತ್ತವೆ. ದಾರದ ಉದ್ದ ಸರಿಯಾಗಿ ಅಳೆದಿಲ್ಲ ಅನ್ನುವ ನೆಪ ಬಹಳ ಜನಪ್ರಿಯ. ಎರಡೂ ಕೋನಕ್ಕೆ ದಾರ ಒಂದೇ ತಾನೇ? ಹಾಗೆ ಕೇಳಿದಾಗ ತರಗತಿ ತಣ್ಣಗಾಗುತ್ತದೆ. ನಾನು ಉತ್ತರ ಹೇಳುವುದಿಲ್ಲ, ಇನ್ನೊಂದು ಪೀರಿಯಡ್ ಕೊಡುತ್ತೇನೆ. ಮೂರನೇ ವಾರ ಕೇಳುವ ಒಂದು ಪ್ರಶ್ನೆ ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಹುಡುಗರಿಗೆ ಮೊದಲೇ ಗೊತ್ತಾದರೆ ಅದಕ್ಕೆ ಬೆಲೆಯಿಲ್ಲ.

100 ಅಂಕದಲ್ಲಿ ಫಲಿತಾಂಶಕ್ಕೆ ಸೊನ್ನೆ. ಲ್ಯಾಬ್ ನೋಟ್‌ಬುಕ್‌ಗೆ 30, ಮರುಪ್ರಯೋಗದ ಯೋಜನೆಗೆ 25, ಕಂಟ್ರೋಲ್ (ಹೋಲಿಸಿ ನೋಡಲು ಇಡುವ ಪ್ರಯೋಗ) ಮತ್ತು ಅನಿಶ್ಚಿತತೆಯ ಲೆಕ್ಕಕ್ಕೆ 20, ಮಂಡನೆಗೆ 15, ಕೊನೆಯ ವರದಿಗೆ 10. ಫೇಜ್ ಸಿಕ್ಕವರಿಗೂ ಸಿಗದವರಿಗೂ ಒಂದೇ ತಕ್ಕಡಿ. ಇದಾದ ಮೇಲೆ ರೀಡಿಂಗ್ ಹೊಂದಿಸುವ ಚಾಳಿ ತಾನಾಗಿ ಇಳಿಯಿತು, ಹೊಂದಿಸಿದರೆ ಲಾಭವೇ ಇಲ್ಲವಲ್ಲ!

ಇದಕ್ಕೂ ಮೊದಲು ಕೈಕೊಟ್ಟ ಉಪಾಯಗಳು ಕಡಿಮೆಯಿಲ್ಲ. ವಿಜ್ಞಾನಿಗಳನ್ನು ಕರೆಸಿ ಸ್ಫೂರ್ತಿಯ ಭಾಷಣ ಮಾಡಿಸಿದರೆ ಅದರ ಬಿಸಿ ಒಂದು ವಾರ. ವಿಷಯ ನೀವೇ ಆರಿಸಿಕೊಳ್ಳಿ ಎಂದರೆ ಕ್ಯಾನ್ಸರ್‌ಗಿಂತ ಕೆಳಗೆ ಯಾರೂ ಇಳಿಯುವುದಿಲ್ಲ, ಸೆಮಿಸ್ಟರಿನ ಕಾಲು ಭಾಗ ಮಣ್ಣುಪಾಲು. ವಾರವಾರದ ಅನುಭವ ದಿನಚರಿ ಬರೆಸಿದರೆ ನಮಗೆ ಬೇಕಾದ್ದನ್ನೇ ಸೊಗಸಾಗಿ ಬರೆದುಕೊಡುತ್ತಾರೆ.

ದುಡ್ಡು ಸೋರುವುದು ಮರುಪ್ರಯೋಗದಲ್ಲಿ. "ಮತ್ತೆ ಮಾಡಿ" ಎಂದು ಬಿಟ್ಟುಬಿಟ್ಟರೆ ಅದೇ ತಪ್ಪನ್ನು ಹೊಸ ಪ್ಲೇಟಿನಲ್ಲಿ ಮಾಡುತ್ತಾರೆ. ಅದಕ್ಕೆ ಒಂದು ಪುಟದ ಚೀಟಿ: ಏನು ಬದಲಿಸುತ್ತೀರಿ, ಒಂದೇ ಒಂದು, ಯಾಕೆ, ಅದು ತಪ್ಪಾದರೆ ಪ್ಲೇಟ್ ಹೇಗೆ ಕಾಣಬೇಕು. ಚೀಟಿ ಇಲ್ಲದೆ ಪ್ಲೇಟ್ ಇಲ್ಲ. ಪ್ಲೇಟಿನ ಖರ್ಚು ಹೆಚ್ಚುಕಡಿಮೆ ಮೂರನೇ ಒಂದು ಭಾಗ ಇಳಿಯಿತು. ಮಣ್ಣಿನ ನೀರಿನ ಬ್ಯಾಕ್ಟೀರಿಯಾ ತಡೆದು ಫೇಜ್ ಬಿಡುವ 0.22 ಮೈಕ್ರಾನ್ ಫಿಲ್ಟರ್ ದುಡ್ಡು ಸೋರುವ ಇನ್ನೊಂದು ತೂತು. ಕೆಸರು ನೀರನ್ನು ನೇರವಾಗಿ ತಳ್ಳಿದರೆ ಕಟ್ಟಿಕೊಂಡು ಹಾಳು. ಮೊದಲು ಸೆಂಟ್ರಿಫ್ಯೂಜ್ ಮಾಡಿಸಿ ಮೇಲಿನ ತಿಳಿ ಮಾತ್ರ ತೆಗೆಸಿ.

ಖಾಲಿ ಪ್ಲೇಟನ್ನು ಸುದ್ದಿಯಾಗಿ ಓದುವಂತೆ ಮಾಡಿದ್ದು ಕಂಟ್ರೋಲ್. ಪ್ರತಿ ಗುಂಪಿಗೂ ಹೋಸ್ಟ್ (ಫೇಜ್‌ಗೆ ಆಹಾರವಾಗುವ ಬ್ಯಾಕ್ಟೀರಿಯಾ, ನಮ್ಮಲ್ಲಿ ಮೈಕೊಬ್ಯಾಕ್ಟೀರಿಯಂ ಸ್ಮೆಗ್ಮಾಟಿಸ್) ಮಾತ್ರದ ಒಂದು ಪ್ಲೇಟ್, ಅದಕ್ಕೆ ಸೋಂಕು ತಗುಲಿಸುತ್ತದೆ ಎಂದು ಮೊದಲೇ ಗೊತ್ತಿರುವ ಡಿ29 ಫೇಜ್ ಹಾಕಿದ ಇನ್ನೊಂದು. ಡಿ29ಕ್ಕೆ ಪ್ಲೇಕ್ (ಫೇಜ್ ಬ್ಯಾಕ್ಟೀರಿಯಾ ಕೊಂದ ಕಡೆ ಕಾಣುವ ತಿಳಿ ಚುಕ್ಕೆ) ಬಂದು ಮಣ್ಣಿನದ್ದಕ್ಕೆ ಬಾರದಿದ್ದರೆ ಆ ಸ್ಯಾಂಪಲ್ ಮೇಲೆ ಅನುಮಾನ. ಎರಡಕ್ಕೂ ಬಾರದಿದ್ದರೆ ಟಾಪ್ ಅಗಾರ್ (ಹೋಸ್ಟ್, ಫೇಜ್ ಬೆರೆಸಿ ಪ್ಲೇಟಿನ ಮೇಲೆ ಸುರಿಯುವ ಕರಗಿದ ಅಗಾರ್) ನೋಡಿ: ತೀರಾ ಬಿಸಿಯಿದ್ದರೆ ಹೋಸ್ಟ್ ಸಾಯುತ್ತದೆ, ಆರಿದರೆ ಗಂಟು ಕಟ್ಟುತ್ತದೆ, 50–55 ಡಿಗ್ರಿ ಹದ. ಸ್ಮೆಗ್ಮಾಟಿಸ್ ಗಂಟು ಕಟ್ಟದಿರಲೆಂದು ಹಾಕಿದ ಟ್ವೀನ್ (ಸೋಪಿನಂಥ ರಾಸಾಯನಿಕ) ಉಳಿದಿದ್ದರೆ ಫೇಜ್ ಅಂಟಿಕೊಳ್ಳುವುದಿಲ್ಲ, ಸೋಂಕಿಗೆ ಟ್ವೀನ್ ಇಲ್ಲದ ಕಲ್ಚರ್ ಬೇಕು. ಡಿ29 ಕೆಲಸವನ್ನು ಎಲ್ಲಕ್ಕಿಂತ ಕೊನೆಗೆ, ಬೇರೆ ಪಿಪೆಟ್ಟಿನಲ್ಲಿ ಮಾಡಿಸಿ. ಇಲ್ಲದಿದ್ದರೆ ಎಲ್ಲರ ಮಣ್ಣಿನಲ್ಲೂ ಡಿ29 "ಸಿಗುತ್ತದೆ".

ಫೇಜ್‌ಗೆ ಹೆಸರಿಡುವ ಹಕ್ಕು ಹುಡುಗರಿಗೆ ಹುಚ್ಚು ಹಿಡಿಸುತ್ತದೆ. ಒಂದೇ ಪ್ಲೇಕ್ ಆರಿಸಿ ಮತ್ತೆ ಬೆಳೆಸುವ ಶುದ್ಧೀಕರಣದ ಮೂರನೇ ಸುತ್ತು ಮುಗಿಯುವ ತನಕ ಹೆಸರು ಬೇಡ. ಮೊದಲೇ ಇಟ್ಟರೆ ಬೇರೆ ಬೇರೆ ಫೇಜ್‌ಗಳ ಬೆರಕೆ ಪ್ಲೇಕ್ ಕಂಡರೂ ಒಪ್ಪುವುದಿಲ್ಲ.

ಧೋರಣೆ ಅಳೆಯಲು ಇ-ಕ್ಲಾಸ್ (E-CLASS) ಸಮೀಕ್ಷೆಯ ಮಾದರಿ ಹಿಡಿದೆ; ಭೌತಶಾಸ್ತ್ರದ ಪ್ರಯೋಗಗಳ ಬಗ್ಗೆ ವಿದ್ಯಾರ್ಥಿಗಳ ಮನೋಭಾವ ಕೇಳುವ ಪ್ರಶ್ನಾವಳಿ ಅದು. ಒಂದೇ ಹೇಳಿಕೆಗೆ ಎರಡು ಉತ್ತರ: ನೀವೇನು ಅನ್ನುತ್ತೀರಿ, ವಿಜ್ಞಾನಿ ಏನು ಅನ್ನುತ್ತಾರೆ. ವಿಜ್ಞಾನಿಯ ಉತ್ತರವನ್ನು ಅವರು ಮೊದಲ ದಿನವೇ ಬಹುಪಾಲು ಸರಿಯಾಗಿ ಊಹಿಸುತ್ತಾರೆ, ನೋಡಬೇಕಾದ್ದು ಎರಡರ ನಡುವಿನ ಅಂತರ. ಸಮೀಕ್ಷೆಯ ಹಾಳೆ ತುಂಬಿ ಕೊಟ್ಟಿದ್ದಕ್ಕೆ ಮಾತ್ರ ಅಂಕ, ಉತ್ತರಕ್ಕಲ್ಲ. ಹಾಳೆಯ ಮೇಲೆ ಹೆಸರಿನ ಬದಲು ಗುಪ್ತಸಂಖ್ಯೆ ಇರಲಿ, ಓದದೆ ಗೀಚುವವರನ್ನು ಹಿಡಿಯಲು ನಡುವೆ "ಇಲ್ಲಿ ಒಪ್ಪುತ್ತೇನೆ ಎಂದು ಗುರುತಿಸಿ" ಅನ್ನುವ ಸಾಲು ಸೇರಿಸಿ. ಎರಡನೇ ಸುತ್ತನ್ನು ಕೊನೆಯ ವಾರಕ್ಕೆ ಇಡಬೇಡಿ. ಆಗ ಬರುವುದು ಪರೀಕ್ಷೆಯ ಸಿಟ್ಟು, ಕೋರ್ಸಿನ ಅಭಿಪ್ರಾಯವಲ್ಲ. ಅದಕ್ಕಿಂತ ಎರಡು ವಾರ ಮುಂಚೆ, ಪ್ಲೇಟ್ ಇನ್‌ಕ್ಯುಬೇಟರಿನಲ್ಲಿರುವಾಗಲೇ ತುಂಬಿಸಿಕೊಳ್ಳಿ.