ಪದ್ಮಿನಿಯ ಬಣ್ಣ ಕಳಚುವಾಗ: ಒಂದು ದಿನಕ್ಕೆ ಒಂದೇ ಭಾಗ

ಹಳೆಯ ಪ್ರೀಮಿಯರ್ ಪದ್ಮಿನಿಯ ಬಣ್ಣ ತೆಗೆಯುವುದಿದ್ದರೆ ಇಡೀ ಕಾರನ್ನು ಒಮ್ಮೆಲೇ ಕೆರೆದು ನಿಲ್ಲಿಸಬೇಡಿ. ಮಂಗಳೂರಿನ ಗಾಳಿಯಲ್ಲಿ ಉಪ್ಪೂ ತೇವವೂ ಇದೆ. ಬರಿಯ ತಗಡು ಒಂದು ರಾತ್ರಿ ಹಾಗೆಯೇ ಉಳಿದರೆ ಬೆಳಿಗ್ಗೆ ಅದರ ಮೇಲೆ ಕಂದು ಪೊರೆ ಎದ್ದಿರುತ್ತದೆ. ಇವತ್ತು ಒಂದು ಬಾಗಿಲು, ನಾಳೆ ಬಾನೆಟ್, ಹೀಗೆ ಸಾಗಬೇಕು. ಬೆಳಿಗ್ಗೆ ಕೆರೆದದ್ದಕ್ಕೆ ಸಂಜೆಯೊಳಗೆ ಪ್ರೈಮರ್, ಅಂದರೆ ಬಣ್ಣದ ಅಡಿಯ ಮೊದಲ ಪದರ, ಬೀಳಲೇಬೇಕು. ಈ ಒಂದು ವಿಷಯದಲ್ಲಿ ನಾನು ಯಾರೊಂದಿಗೂ ರಾಜಿ ಮಾಡಿಕೊಳ್ಳುವುದಿಲ್ಲ. ಕರಾವಳಿಯಲ್ಲಿ ಈ ಕೆಲಸಕ್ಕೆ ಡಿಸೆಂಬರಿನಿಂದ ಫೆಬ್ರುವರಿಯವರೆಗಿನ ಕಾಲ ಒಳ್ಳೆಯದು.

ಮೊದಲು ಒಂದು ಸಣ್ಣ ಅಯಸ್ಕಾಂತಕ್ಕೆ ತೆಳು ಬಟ್ಟೆ ಸುತ್ತಿ ಕಾರಿನ ಸುತ್ತ ಹಿಡಿದು ನೋಡಿ. ಅದು ಅಂಟದೆ ಜಾರುವ ಕಡೆ ಕೆಳಗೆ ದಪ್ಪ ಪುಟ್ಟಿ ಇದೆ ಎಂದು ತಿಳಿದು ಸೀಮೆಸುಣ್ಣದಿಂದ ಗುರುತು ಹಾಕಿ. ಬಾಗಿಲಿನ ಕೆಳ ಅಂಚು, ಹಿಂಬದಿಯ ಚಕ್ರದ ಕಮಾನು, ಬ್ಯಾಟರಿಯ ತಟ್ಟೆ, ಡಿಕ್ಕಿಯ ತಳ, ಮುಂಗಾಜಿನ ರಬ್ಬರಿನ ಅಡಿ, ಕ್ರೋಮ್ ಪಟ್ಟಿಯ ಕ್ಲಿಪ್ ಕೂರುವ ತೂತುಗಳು ತುಕ್ಕು ಅಡಗುವ ಜಾಗಗಳು. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದರೆ ಗಟ್ಟಿ ತಗಡು ಖಣಿಲೆನ್ನುತ್ತದೆ, ಕೊಳೆತದ್ದು ಮಂಕಾಗಿ ಸದ್ದು ಮಾಡುತ್ತದೆ. ರಬ್ಬರು, ಕ್ರೋಮು, ದೀಪ ಎಲ್ಲವನ್ನೂ ಬಿಚ್ಚಿಡಿ. ಡ್ಯಾಶ್‌ಬೋರ್ಡಿನ ಹಿಂದೆ ಅಥವಾ ಬಾಗಿಲಿನ ರಬ್ಬರಿನ ಅಡಿಯಲ್ಲಿ ಕಾರ್ಖಾನೆಯ ಮೂಲ ಬಣ್ಣ ಉಳಿದಿರುವುದುಂಟು. ಅದರ ಒಂದು ತುಣುಕನ್ನಾದರೂ ಮುಟ್ಟದೆ ಕಾಪಾಡಿ. ಮುಂಬೈಯ ಕುರ್ಲಾದ ಕಾರ್ಖಾನೆ ಪದ್ಮಿನಿ ತಯಾರಿಸುವುದನ್ನು ನಿಲ್ಲಿಸಿ ಇಪ್ಪತ್ತು ವರ್ಷ ದಾಟಿದೆ. ನಿಮ್ಮ ಕಾರಿನ ಬಣ್ಣಕ್ಕೆ ಆ ತುಣುಕಿಗಿಂತ ನಂಬಬಹುದಾದ ಸಾಕ್ಷಿ ಸಿಗುವುದಿಲ್ಲ.

ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಹಾಗಾಗಿ ಬಟ್ಟೆಯ ಮಾಸ್ಕ್ ಸಾಲದು, ಅತಿ ಸೂಕ್ಷ್ಮ ಧೂಳನ್ನೂ ತಡೆಯುವ ಪಿ100 ಫಿಲ್ಟರ್ ಇರುವ ಮಾಸ್ಕ್ ಬೇಕು. ಮಕ್ಕಳನ್ನು ಶೆಡ್ಡಿನ ಹತ್ತಿರ ಬಿಡಬೇಡಿ. ಧೂಳನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ. ಬೆಂಕಿಯಿಂದ ಬಣ್ಣ ಸುಡುವುದಂತೂ ಬೇಡವೇ ಬೇಡ. ಸೀಸದ ಹೊಗೆಯೂ ಬರುತ್ತದೆ, ತಗಡೂ ಸೊಟ್ಟಗಾಗುತ್ತದೆ.

ದೊಡ್ಡ ಸಪಾಟು ಭಾಗಗಳಿಗೆ ಮರಳು ಸಿಡಿಸುವ ಬ್ಲಾಸ್ಟಿಂಗ್ ಮಾಡಿಸಬೇಡಿ. ಒಂದು ಮಿಲಿಮೀಟರಿನ ಆಸುಪಾಸಿನ ತಗಡು ಆ ಹೊಡೆತಕ್ಕೆ ಹಿಗ್ಗಿ ಅಲೆಅಲೆಯಾಗುತ್ತದೆ. ಚಕ್ರ, ಸಸ್ಪೆನ್ಷನ್ನಿನಂಥ ದಪ್ಪ ಭಾಗಗಳಿಗೆ ಅದು ಸರಿ. ಬಾನೆಟ್, ಬಾಗಿಲು, ಟಾಪುಗಳಿಗೆ ಪೇಂಟ್ ರಿಮೂವರ್ ನನ್ನ ಆಯ್ಕೆ. ಮೊದಲು 40ನೇ ನಂಬರಿನ ಎಮರಿ ಕಾಗದದಿಂದ (ನಂಬರ್ ಹೆಚ್ಚಿದಷ್ಟೂ ಕಾಗದ ನಯ) ಬಣ್ಣವನ್ನು ಗೀರಿ, ರಿಮೂವರನ್ನು ಒಂದೇ ದಿಕ್ಕಿನಲ್ಲಿ ದಪ್ಪಗೆ ಬಳಿದು, ಒಣಗದಂತೆ ಪ್ಲಾಸ್ಟಿಕ್ ಹಾಳೆ ಮುಚ್ಚಿ. ಬಣ್ಣ ಸುಕ್ಕುಗಟ್ಟಿ ಎದ್ದ ಮೇಲೆ, ಮೂಲೆ ಉಜ್ಜಿ ದುಂಡಗೆ ಮಾಡಿದ ಪುಟ್ಟಿ ಬ್ಲೇಡಿನಿಂದ ತೆಗೆಯಿರಿ. ಬಾಗಿಲಿನ ಮಡಿಸಿದ ಅಂಚಿಗೆ ಎರಡು ಬೆರಳಿನಷ್ಟು ದೂರದವರೆಗೆ ಟೇಪ್ ಹಚ್ಚಿರಬೇಕು. ಮಡಿಕೆಯೊಳಗೆ ಇಳಿದ ರಿಮೂವರ್ ಅಲ್ಲೇ ಉಳಿದು, ಮುಂದೆ ಒಸರಿ ಹೊಸ ಬಣ್ಣವನ್ನೂ ಎಬ್ಬಿಸುತ್ತದೆ. ಆ ಅಂಚುಗಳನ್ನು ಕಡಿಮೆ ವೇಗದಲ್ಲಿ ತಿರುಗುವ ನೈಲಾನ್ ಸ್ಟ್ರಿಪ್ ಡಿಸ್ಕಿನಿಂದ ಬಿಡಿಸಿ. ಗ್ರೈಂಡರಿಗೆ ಗಟ್ಟಿ ಕಲ್ಲು ಹಾಕಿ ಒತ್ತುವವರನ್ನು ನಿಮ್ಮ ಕಾರಿನ ಹತ್ತಿರ ಬಿಡಬೇಡಿ. ತೆಳುವಾದ ತಗಡನ್ನು ಮತ್ತೆ ದಪ್ಪ ಮಾಡಲು ಯಾರಿಂದಲೂ ಆಗದು. ಗ್ಲೌಸ್, ಕನ್ನಡಕ, ತೆರೆದ ಜಾಗ ಮೂರೂ ಇರಲಿ. ಧೂಳಿನ ಮಾಸ್ಕ್ ರಿಮೂವರಿನ ಆವಿಯನ್ನು ತಡೆಯುವುದಿಲ್ಲ.

ಈಗ ತುಕ್ಕು. ತಂತಿಯ ಬ್ರಷ್ ತುಕ್ಕಿನ ಮೇಲ್ಭಾಗವನ್ನು ಹೊಳೆಯಿಸುತ್ತದೆಯೇ ಹೊರತು ಗುಳಿಗಳ ಒಳಗಿನ ಕಪ್ಪು ಚುಕ್ಕೆಗಳನ್ನು ತೆಗೆಯುವುದಿಲ್ಲ. ಕರಾವಳಿಯ ಕಾರುಗಳಲ್ಲಿ ಆ ಚುಕ್ಕೆಗಳಲ್ಲೇ ಉಪ್ಪು ಕೂತಿರುತ್ತದೆ. ಫಾಸ್ಫಾರಿಕ್ ಆಮ್ಲ ಇರುವ ರಸ್ಟ್ ರಿಮೂವರನ್ನು ಹಚ್ಚಿ, ಒಣಗಲು ಬಿಡದೆ ಉಜ್ಜುತ್ತಾ, ಶುದ್ಧ ನೀರಿನಿಂದ ಚೆನ್ನಾಗಿ ತೊಳೆದು ಕೂಡಲೇ ಬಿಸಿ ಗಾಳಿಯಲ್ಲಿ ಒಣಗಿಸಿ. ಆಮ್ಲದ ಶೇಷ ಉಳಿದರೆ ಎಪಾಕ್ಸಿ ಪ್ರೈಮರ್ ಹಿಡಿಯುವುದಿಲ್ಲ. ಕೊನೆಗೆ 80ನೇ ನಂಬರಿನ ಎಮರಿಯಿಂದ ಒಣ ತಗಡನ್ನು ಮತ್ತೊಮ್ಮೆ ಉಜ್ಜಬೇಕು.

ತೂತು ಬಿದ್ದ ಕಡೆ ಪುಟ್ಟಿ ತುಂಬುವುದು ಕಾರಿಗೆ ಮಾಡುವ ಮೋಸ. ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ, ಅದೇ ದಪ್ಪದ ಹೊಸ ತಗಡನ್ನು ಕೂರಿಸಿ, ಮಿಗ್ ವೆಲ್ಡಿಂಗಿನಲ್ಲಿ (ತಂತಿ ತಾನಾಗಿ ಬರುವ, ಅನಿಲದ ರಕ್ಷಣೆಯ ವೆಲ್ಡಿಂಗ್) ದೂರದೂರ ಚುಕ್ಕಿ ಇಡುತ್ತಾ, ಪ್ರತಿ ಚುಕ್ಕಿಯೂ ಆರಿದ ಮೇಲೆ ಮುಂದಿನದನ್ನು ಇಡಬೇಕು. ಪದ್ಮಿನಿಗೆ ಲಾರಿಗಿರುವಂತೆ ಪ್ರತ್ಯೇಕ ಚಾಸಿ ಇಲ್ಲ. ಬಾಗಿಲ ಕೆಳಗಿನ ತೊಲೆಗಳೇ ಭಾರ ಹೊರುತ್ತವೆ. ಅವನ್ನು ಕತ್ತರಿಸುವ ಮುನ್ನ ಕಾರಿಗೆ ಸಮನಾಗಿ ಆಧಾರ ಕೊಡಿ. ಬಾಗಿಲುಗಳನ್ನು ಹಾಕಿ ಸಂದಿನ ಅಗಲ ಅಳೆದಿಟ್ಟುಕೊಂಡು, ಪೂರ್ತಿ ವೆಲ್ಡ್ ಮಾಡುವ ಮುಂಚೆ ಮತ್ತೆ ಅಳೆಯಿರಿ.

ಪ್ರೈಮರ್ ಎಂದರೆ ಎರಡು ಭಾಗ ಬೆರೆಸುವ ಎಪಾಕ್ಸಿ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಸಾಮಾನ್ಯ ಪ್ರೈಮರ್ ತೇವವನ್ನು ಒಳಗೆ ಬಿಡುತ್ತದೆ. ಗ್ರೀಸ್ ತೆಗೆಯುವ ದ್ರಾವಣವನ್ನು ಒಂದು ಬಟ್ಟೆಯಿಂದ ಹಚ್ಚಿ, ಒಣಗುವ ಮೊದಲೇ ಇನ್ನೊಂದು ಬಟ್ಟೆಯಿಂದ ಒರೆಸಿ. ಅನಂತರ ಬರಿಗೈ ತಗಲಬಾರದು. ತಗಡಿನ ಉಷ್ಣತೆ ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಹೆಚ್ಚಿರಬೇಕು. ಎರಡು ಕೋಟ್ ಸಾಕು. ಮುಂದಿನ ಪದರ ಹಾಕಲು ಡಬ್ಬದ ಮೇಲೆ ಬರೆದ ಅವಧಿ ಮೀರಿದ್ದರೆ ಉಜ್ಜದೆ ಅದರ ಮೇಲೆ ಏನನ್ನೂ ಹಾಕಬೇಡಿ.

ಪುಟ್ಟಿ ಎಪಾಕ್ಸಿಯ ಮೇಲೆ ಬರಬೇಕು, ಬರಿಯ ತಗಡಿನ ಮೇಲಲ್ಲ. ತಗ್ಗುಗಳನ್ನು ಸುತ್ತಿಗೆ ಮತ್ತು ಡಾಲಿಯಿಂದ (ತಗಡಿನ ಹಿಂದೆ ಹಿಡಿಯುವ ಕಬ್ಬಿಣದ ಗಟ್ಟಿ) ಆದಷ್ಟು ಎತ್ತಿದ ಮೇಲೆ ಎರಡು ಮೂರು ಮಿಲಿಮೀಟರ್ ಮೀರದಂತೆ ಹಚ್ಚಿ. ಪಾಲಿಯೆಸ್ಟರ್ ಪುಟ್ಟಿ ನೀರು ಕುಡಿಯುತ್ತದೆ, ಆದ್ದರಿಂದ ಒಣದಾಗಿಯೇ, ಉದ್ದನೆಯ ಮರದ ಬ್ಲಾಕಿಗೆ ಎಮರಿ ಸುತ್ತಿ 80, 180 ಎಂದು ಉಜ್ಜಿ. ಸಣ್ಣ ಗೀರುಗಳನ್ನು ತುಂಬುವ ಸರ್ಫೇಸರ್ ಹೊಡೆದ ಮೇಲೆ ಕಪ್ಪು ಬಣ್ಣವನ್ನು ಮಂಜಿನಂತೆ ತೆಳುವಾಗಿ ಸಿಂಪಡಿಸಿ 320ರಲ್ಲಿ ಉಜ್ಜಿದರೆ ತಗ್ಗಿನಲ್ಲಿ ಕಪ್ಪು ಉಳಿಯುತ್ತದೆ. ಉಬ್ಬಿದ ಕಡೆ ಬೇಗ ಮಾಯವಾಗುತ್ತದೆ. ಕಣ್ಣಿಗಿಂತ ಅಂಗೈಯನ್ನು ನಂಬಿ, ತೆಳು ಬಟ್ಟೆಯ ಮೇಲಿಂದ ಸವರಿ ನೋಡಿ.

ಮೇಲಿನ ಬಣ್ಣಕ್ಕೆ ಮುಂಚೆ ತಗಡಿನ ಸೇರಿಕೆಗಳಿಗೆ ನೀರು ಒಳಹೋಗದಂತೆ ತಡೆಯುವ ಸೀಮ್ ಸೀಲರ್ ಹಚ್ಚಿ, ಬಾಗಿಲಿನ ತಳದಲ್ಲಿ ನೀರು ಹೊರಹೋಗುವ ರಂಧ್ರಗಳು ಪುಟ್ಟಿಯಿಂದಲೋ ಸೀಲರಿನಿಂದಲೋ ಮುಚ್ಚಿವೆಯೇ ಎಂದು ಒಂದು ತಂತಿ ತೂರಿಸಿ ನೋಡಿ. ಮೂಲಕ್ಕಿಂತ ಬೇರೆ ಬಣ್ಣ ಆರಿಸಿದ್ದರೆ ಆರ್‌ಟಿಒ ಕಚೇರಿಯಲ್ಲಿ ಆರ್‌ಸಿಯ ದಾಖಲೆಯನ್ನೂ ತಿದ್ದಿಸಬೇಕು.