ಬಾಡಿದ ಕೊತ್ತಂಬರಿ ಸೊಪ್ಪನ್ನು ಎಬ್ಬಿಸುವುದು ಹೇಗೆ?

ಮುಂಬಯಿಯ ಮಾಟುಂಗಾ ಮಾರ್ಕೆಟ್ಟಿನಲ್ಲಿ ಕೊಂಡ ಕೊತ್ತಂಬರಿ ಕಟ್ಟು, ಲೋಕಲ್ ರೈಲು ಹತ್ತಿ ಡೊಂಬಿವಲಿ ಸೇರುವಷ್ಟರಲ್ಲಿ ಜೋತುಬಿದ್ದಿರುತ್ತದೆ. ಎಸೆಯಬೇಡಿ. ಇಂಥ ಎಳೆ ಗಿಡಗಳು ನೆಟ್ಟಗೆ ನಿಲ್ಲುವುದೇ ಒಳಗಿನ ನೀರಿನ ಒತ್ತಡದಿಂದ. ನಂಬಿಕೆ ಬಾರದಿದ್ದರೆ ಮೊದಲು ಒಂದು ಆಲೂಗಡ್ಡೆ ತಗೊಳ್ಳಿ.

ಸಿಪ್ಪೆ ತೆಗೆದು, ಬೆರಳುದ್ದದ ಎರಡು ತುಂಡು ಒಂದೇ ಅಳತೆಗೆ ಹೆಚ್ಚಿ. ಎರಡು ಲೋಟಕ್ಕೆ ನೀರು ತುಂಬಿ, ಒಂದಕ್ಕೆ ಮಾತ್ರ ಎರಡು ಚಮಚ ಉಪ್ಪು ಕಲಸಿ. ಒಂದೊಂದು ತುಂಡು ಹಾಕಿ ಒಂದೆರಡು ಗಂಟೆ ಸುಮ್ನೆ ಬಿಡಿ. ಆಮೇಲೆ ಬಗ್ಗಿಸಿ ನೋಡಿ. ಸಾದಾ ನೀರಿನದು ಬಿಗಿಯಾಗಿದ್ದು ಪಟ್ಟನೆ ಮುರಿಯುತ್ತದೆ. ಉಪ್ಪುನೀರಿನದು ಮೆತ್ತಗೆ ಬಾಗುತ್ತದೆ. ಪಕ್ಕಪಕ್ಕ ಇಟ್ಟರೆ ತುಸು ಗಿಡ್ಡವೂ ಆಗಿರುತ್ತದೆ.

ಇದು ಅಭಿಸರಣೆ, ಅಂದರೆ ಆಸ್ಮಾಸಿಸ್. ಜೀವಕೋಶದ ಪೊರೆಯನ್ನು ನೀರು ಸಲೀಸಾಗಿ ದಾಟುತ್ತದೆ. ಉಪ್ಪು, ಸಕ್ಕರೆ ಅಷ್ಟು ಸುಲಭಕ್ಕೆ ದಾಟುವುದಿಲ್ಲ. ಅವು ಯಾವ ಕಡೆ ಜಾಸ್ತಿ ಕರಗಿವೆಯೋ ನೀರು ಆ ಕಡೆಗೇ ಸರಿಯುತ್ತದೆ. ಸಾದಾ ನೀರಿನಲ್ಲಿಟ್ಟಾಗ ನೀರು ಒಳಗೆ ನುಗ್ಗಿ, ಕೋಶದ ನಡುವಿನ ರಸದಾನಿ, ಅಂದರೆ ರಸ ತುಂಬಿದ ಚೀಲ, ಉಬ್ಬುತ್ತದೆ. ಪೊರೆ ಹೊರಗಿನ ಗೋಡೆಗೆ ಒತ್ತಿಕೊಳ್ಳುತ್ತದೆ. ಸೆಲ್ಯುಲೋಸ್ ಗೋಡೆ ಗಟ್ಟಿ, ಹಾಗಾಗಿ ಒಡೆಯುವುದಿಲ್ಲ. ಒತ್ತಡವೂ ಕಮ್ಮಿಯೇನಲ್ಲ: ಎಷ್ಟೋ ಗಿಡಗಳ ಎಲೆಯಲ್ಲಿ ಅದು ಕಾರಿನ ಟೈರಿನೊಳಗಿನದಕ್ಕಿಂತ ಜಾಸ್ತಿ! ಉಪ್ಪುನೀರಿನಲ್ಲಿ ಎಲ್ಲ ಉಲ್ಟಾ. ನೀರು ಹೊರಬಂದು, ಪೊರೆ ಗೋಡೆಯನ್ನು ಬಿಟ್ಟು ಒಳಕ್ಕೆ ಮುದುಡುತ್ತದೆ.

ಈಗ ಕೊತ್ತಂಬರಿ. ದಂಟಿನ ತುದಿ ಚೂರು ಕತ್ತರಿಸಿ, ಕಟ್ಟನ್ನು ತಣ್ಣೀರಿನ ಲೋಟದಲ್ಲಿ ನಿಲ್ಲಿಸಿ. ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಎಲೆ ತಲೆಯೆತ್ತುತ್ತದೆ. ಕೊಳೆತದ್ದು ಮಾತ್ರ ಏಳುವುದಿಲ್ಲ, ಪೊರೆಯೇ ಹಾಳಾದ ಮೇಲೆ ಒತ್ತಡ ಎಲ್ಲಿಂದ ಬರಬೇಕು? ಹುಳ ಹೋಗಲಿ ಅಂತ ಸೊಪ್ಪನ್ನು ಗಂಟೆಗಟ್ಟಲೆ ಉಪ್ಪುನೀರಿನಲ್ಲಿ ನೆನೆಹಾಕುವವರಿದ್ದಾರೆ. ಐದು ನಿಮಿಷ ಸಾಕು ಮಾರಾಯ್ರೆ. ಸೌತೆಕಾಯಿ ಕೋಸಂಬರಿಗೆ ಬಡಿಸುವ ಹೊತ್ತಿಗೆ ಉಪ್ಪು ಹಾಕುವುದೂ ಇದಕ್ಕೇ ಅಲ್ವಾ?

ಬಾಲ್ಕನಿಯ ಕುಂಡಕ್ಕೂ ಇದೇ ಲೆಕ್ಕ. ಠಾಣೆ ಖಾಡಿಯ (ಸಮುದ್ರದ ಕೊಲ್ಲಿಯ) ಕಾಂಡ್ಲಾ, ಅಂದರೆ ಮ್ಯಾಂಗ್ರೋವ್ ಗಿಡಗಳು ಉಪ್ಪುನೀರಲ್ಲೇ ಬಾಳುತ್ತವೆ. ಅವುಗಳ ಬೇರು ಬಹುಪಾಲು ಉಪ್ಪನ್ನು ಹೊರಗೇ ತಡೆಯುತ್ತದೆ, ಕೆಲವು ಜಾತಿಗಳು ಎಲೆಯಿಂದ ಉಪ್ಪು ಹೊರಹಾಕುತ್ತವೆ. ನಮ್ಮ ತುಳಸಿಗೆ ಆ ಉಪಾಯ ಗೊತ್ತಿಲ್ಲ. ರಾಸಾಯನಿಕ ಗೊಬ್ಬರ ಜಾಸ್ತಿ ಸುರಿದರೆ ಅದರ ಲವಣ ಮಣ್ಣಲ್ಲಿ ಸೇರಿ, ಬೇರು ನೀರೆಳೆಯುವುದೇ ಕಷ್ಟ. ಮಣ್ಣು ಒದ್ದೆ ಇದ್ದರೂ ಗಿಡ ಬಾಡುತ್ತದೆ. ಹಾಗಾದರೆ ಗೊಬ್ಬರ ನಿಲ್ಲಿಸಿ, ತಳದ ತೂತಿನಿಂದ ಚೆನ್ನಾಗಿ ಹರಿದುಹೋಗುವವರೆಗೆ ಸಾದಾ ನೀರು ಹಾಕಿ. ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿಬಿಡಿ.